ಪತ್ತೆಯಾಗಿಲ್ಲ

ಪ್ರಯೋಗಾಲಯದ ಶೌಚಾಲಯದ ಬಾಗಿಲಿಗೆ ಒಳಗಡೆ ಚಿಲಕವಿರಲಿಲ್ಲ. ಚಿಲಕವಿದ್ದ ಜಾಗದಲ್ಲಿ ತೂತುಗಳು ಮಾತ್ರ ಉಳಿದಿದ್ದವು. ಹೀಗಾಗಿ ಅವನು ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದು ಕೈಯಲ್ಲಿ ಹೊಟ್ಟೆಯನ್ನೂ ಒತ್ತಿ ಹಿಡಿದು ಕೂತಿದ್ದ. ಹೊರಗೆ ಹೆಜ್ಜೆಯ ಸದ್ದು ಕೇಳಿಸಿದಾಗಲೆಲ್ಲ ಕೆಮ್ಮುತ್ತಿದ್ದ; ಆ ಕೆಮ್ಮಿನಲ್ಲೂ ಒಂದಿಷ್ಟು ಗತ್ತು ಉಳಿಸಿಕೊಳ್ಳಲು ಹೆಣಗುತ್ತಿದ್ದ. ಒಳಗಿರುವವನು ಯಾರೋ ದಾರಿಹೋಕನಲ್ಲ, ಈ ಪ್ರಯೋಗಾಲಯಕ್ಕೆ ಮಾನ್ಯತೆ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಬಂದವನು ಎಂಬುದು ಕೆಮ್ಮಿನಲ್ಲೇ ತಿಳಿಯಬೇಕಿತ್ತು. ಊರೂರಿನ ಸಾರ್ವಜನಿಕ ನೀರು ಪರೀಕ್ಷಾ ಪ್ರಯೋಗಾಲಯಗಳಿಗೆ ಹೋಗಿ, ಅಲ್ಲಿನವರು ನೀರನ್ನು ಸರಿಯಾಗಿ ಪರೀಕ್ಷಿಸುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವುದು ಅವನ ಕೆಲಸ. ಅಭ್ಯಾಸಬಲದಿಂದ ಮನಸ್ಸು ಆಗಲೇ ವರದಿಯ ವಾಕ್ಯವೊಂದನ್ನು ಕಟ್ಟಿಕೊಂಡಿತ್ತು: 'ಶೌಚಾಲಯಕ್ಕೆ ಚಿಲಕ ಅಳವಡಿಸತಕ್ಕದ್ದು.' ಈ 'ತಕ್ಕದ್ದು' ಎಂಬುದರ ಮೇಲೆ ಅವನಿಗೆ ಬಹಳ ಪ್ರೀತಿ. ಯಾರು ಅಳವಡಿಸಬೇಕು, ಯಾವಾಗ, ಯಾರ ಖರ್ಚಿನಲ್ಲಿ ಎಂಬ ತಲೆನೋವು ಅದರಲ್ಲಿಲ್ಲ; ಹೇಳಿದವನ ಕೆಲಸ ಹೇಳಿದಲ್ಲಿಗೇ ಮುಗಿಯುತ್ತದೆ. ಹೊಟ್ಟೆ ಇನ್ನೊಮ್ಮೆ ಕಿವುಚಿತು. ಎಲ್ಲ ರಾತ್ರಿ ತಂಗಿದ್ದ ಆ ಅತಿಥಿಗೃಹದ ಊಟದ್ದೇ ಕೆಲಸ ಎಂದು ಅವನು ಹಲ್ಲು ಕಚ್ಚಿದ. ಹೋದ ವಾರ ಹೀಗೇ ಆದಾಗ ಇನ್ನೊಂದು ಊರಿನ ಅತಿಥಿಗೃಹ ಸಿಕ್ಕಿಬಿದ್ದಿತ್ತು. ಅದಕ್ಕೂ ಹಿಂದಿನ ಸಲ ಬಸ್ಸಿನ ಕುಲುಕಾಟ, ಅದಕ್ಕೂ ಹಿಂದೆ ಮೇಲಧಿಕಾರಿಯ ಕಿರಿಕಿರಿ. ಹೊಟ್ಟೆ ಕೆಟ್ಟಾಗಲೆಲ್ಲ ಅವನಿಗೆ ಮನೆಯಿಂದ ಹೊರಗೆ ಒಬ್ಬ ಅಪರಾಧಿ ಸಿಕ್ಕೇ ಸಿಗುತ್ತಿದ್ದ.

ಕೈಯನ್ನು ಶಸ್ತ್ರಚಿಕಿತ್ಸೆ ಮಾಡುವವರ ಹಾಗೆ ಮೊಣಕೈವರೆಗೆ ತೊಳೆದು, ಕನ್ನಡಿಯಲ್ಲಿ ಬಿಳಿಚಿದ ಮುಖಕ್ಕೆ ಸ್ವಲ್ಪ ಗಾಂಭೀರ್ಯ ಬಳಿದು, ಅವನು ಹೊರಬಂದ. ಉದ್ದನೆಯ ಪಡಸಾಲೆಯಲ್ಲಿ ಗೋಡೆಗೆ ಆತುಕೊಂಡು ಖಾಲಿ ಬಾಟಲಿಗಳ ಪೆಟ್ಟಿಗೆಗಳಿದ್ದವು. ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು ಗಟಗಟನೆ ಕುಡಿದ. ಅದು ಮನೆಯಿಂದ ತಂದ ನೀರು. ಯಾವ ಪ್ರಯೋಗಾಲಯಕ್ಕೆ ಹೋದರೂ ಅಲ್ಲಿನವರು ಮೊದಲು ಒಂದು ಲೋಟ ನೀರು ತಂದಿಡುತ್ತಾರೆ. ಅವನು ಅದನ್ನು ಮುಟ್ಟುವುದಿಲ್ಲ. ಬಾಯಲ್ಲಿ ಏನೂ ಹೇಳದೆ, ಮುಗುಳ್ನಕ್ಕು, ಎಲ್ಲರೂ ನೋಡುವಂತೆ ತನ್ನ ಬಾಟಲಿಯ ಮುಚ್ಚಳ ತಿರುಗಿಸುತ್ತಾನೆ. ಊರಿಗೆಲ್ಲ ಒಳ್ಳೆಯ ನೀರು ಕೊಡುತ್ತೇವೆ ಎಂದುಕೊಂಡು ಕೂತವರ ಮುಖ ಆಗ ಸಣ್ಣಗಾಗುವುದನ್ನು ಅವನು ನೋಡಿದ್ದ, ನೋಡಿ ಒಳಗೊಳಗೇ ಸುಖಪಟ್ಟಿದ್ದ. ಅವರೆಲ್ಲ ಸೇರಿ ತನಗೊಂದು ಹೆಸರಿಟ್ಟಿದ್ದಾರೆಂಬುದೂ ಅವನಿಗೆ ಗೊತ್ತಿತ್ತು. ಒಮ್ಮೆ ಯಾವುದೋ ಊರಿನಲ್ಲಿ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಯಾರೋ "ತಪ್ಪಣ್ಣ ಬಂದ್ನಾ?" ಎಂದದ್ದೂ, ಉಳಿದವರು ನಕ್ಕದ್ದೂ ಕೇಳಿಸಿತ್ತು. ಅವನು ಮೆಟ್ಟಿಲ ಮೇಲೆಯೇ ನಿಂತು ಬೂಟಿನ ಲೇಸು ಬಿಚ್ಚಿ, ಮತ್ತೆ ಕಟ್ಟಿ, ನಗೆ ಆರುವವರೆಗೆ ಕಾದಿದ್ದ. ಪಾಪ, ಅವರಿಗೆ ಮುಜುಗರವಾಗಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆಮೇಲೆ ಆ ಪ್ರಯೋಗಾಲಯದ ವರದಿಯಲ್ಲಿ ದೋಷಗಳು ಯಾಕೋ ಸ್ವಲ್ಪ ಧಾರಾಳವಾಗಿಯೇ ಸಿಕ್ಕಿದ್ದವು.

ಮುಖ್ಯಸ್ಥೆ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬಿಳಿ ಕೋಟಿನ ಜೇಬಿನಲ್ಲಿ ಕೈ ಇಟ್ಟಿದ್ದಳು. ಹೋದ ವರ್ಷ ಅವನು ಇಲ್ಲಿಗೆ ಬಂದಿದ್ದಾಗ ಇವಳು ಹೊಸದಾಗಿ ಬಂದವಳು. ಆಗ ಈ ಪ್ರಯೋಗಾಲಯದ ಫಲಿತಾಂಶಗಳನ್ನು ತೆರೆದರೆ ಸಾಲು ಸಾಲಾಗಿ ಒಂದೇ ಪದ: ಇಲ್ಲ, ಇಲ್ಲ, ಇಲ್ಲ. ಯಾವ ಕೊಳಾಯಿಯ ನೀರಿನಲ್ಲೂ ಕ್ರಿಮಿ ಇಲ್ಲ, ಯಾವ ಬಾವಿಯಲ್ಲೂ ಇಲ್ಲ. ಅವನು ಕುರ್ಚಿಗೆ ಒರಗಿ, ತನ್ನ ಮೆಚ್ಚಿನ ಪಾಠ ಶುರುಮಾಡಿದ್ದ. "ಇಲ್ಲ ಅನ್ನೋಕೆ ನೀವ್ಯಾರು ಮೇಡಂ? ನೀವು ಹುಡುಕಿದ್ರಿ, ನಿಮಗೆ ಸಿಗಲಿಲ್ಲ. ಸಿಗದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ. ಪತ್ತೆಯಾಗಿಲ್ಲ ಅಂತ ಬರೀರಿ. 'ಇಲ್ಲ' ಅನ್ನೋ ಪದಾನ ಈ ಕಟ್ಟಡದಿಂದ ಓಡಿಸಿ." ಅವಳು ತಲೆಯಾಡಿಸಿದ್ದಳು. ಮಾನ್ಯತೆಯನ್ನು ಒಂದು ವರ್ಷಕ್ಕೆ ಮಾತ್ರ ಕೊಟ್ಟು, ಅಷ್ಟರೊಳಗೆ ಸುಧಾರಿಸದಿದ್ದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಬರೆದು ಅವನು ಹೊರಟಿದ್ದ. ಬಾಗಿಲು ಹಾಕಿದರೆ ಈ ಸೀಮೆಯ ನೀರೆಲ್ಲ ದೂರದ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗಬೇಕು, ಹೋಗುವಷ್ಟರಲ್ಲಿ ಬಾಟಲಿಯಲ್ಲಿರುವುದು ಇನ್ನೇನೋ ಆಗಿರುತ್ತದೆ. ಅದು ಅವನಿಗೂ ಗೊತ್ತಿತ್ತು. ಊರಿಗೆ ಮರಳಿದ ಮೇಲೆ ಏನೋ ಕರುಣೆ ಬಂದು, ಅವಳನ್ನು ತನ್ನ ಕಚೇರಿಯ ತರಬೇತಿಗೆ ಕರೆಸಿಕೊಂಡು, ಪರೀಕ್ಷೆಯ ಗಾಜಿನ ತಟ್ಟೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ತಾನೇ ಕಲಿಸಿದ್ದ. ಕಲಿಸಿದ್ದನ್ನು ಆಮೇಲೆ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ಬೆನ್ನು ತಟ್ಟಿಕೊಂಡಿದ್ದ.

ಆ ಪದ ಅವನ ಮನೆಯಲ್ಲೂ ಓಡಾಡುತ್ತಿತ್ತು. ಹೆಂಡತಿ "ನನ್ನ ಮೇಲೆ ಕೋಪಾನಾ?" ಎಂದರೆ ಅವನು ಪೇಪರಿನಿಂದ ತಲೆಯೆತ್ತದೆ "ಪತ್ತೆಯಾಗಿಲ್ಲ" ಎನ್ನುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಆರು ತಿಂಗಳ ಹಿಂದೆ ಜೊತೆಗಿರಲು ಬಂದ ಅತ್ತೆಯಂತೂ ಅದನ್ನು ಕೂಡಲೇ ಹಿಡಿದುಕೊಂಡುಬಿಟ್ಟರು. ಸಾರಿಗೆ ಉಪ್ಪು ಸಾಕಾ ಎಂದರೆ, ಚಮಚ ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಪತ್ತೆಯಾಗಿಲ್ಲ ಅಳಿಯಂದ್ರೆ" ಎನ್ನುತ್ತಿದ್ದರು. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರ್ಯಾರದೋ ದನಿಗಳನ್ನು ಯಾರ್ಯಾರಿಗೋ ಜೋಡಿಸಿ ಆಯುಷ್ಯ ಕಳೆದವರು. ಈಗಲೂ ಮನೆಯ ಫೋನು ಬಡಿದುಕೊಂಡರೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, "ಹಲೋ, ಯಾರು ಬೇಕಾಗಿತ್ತು?" ಎನ್ನುತ್ತಾರೆ. ಇವತ್ತು ಅತ್ತೆ ಬಹಳ ನೀರು ಕುಡಿಯಬೇಕು. ಬಹಳ ದಿನದಿಂದ ಕೆಟ್ಟಿರುವ ಹೊಟ್ಟೆಗೆ ಕಾರಣ ಹುಡುಕಲು ನಾಳೆ ಆಸ್ಪತ್ರೆಯಲ್ಲಿ ಅವರ ಕರುಳಿಗೆ ಕೊಳವೆ ಹಾಕಿ ನೋಡುತ್ತಾರೆ, ಅದಕ್ಕೆ ಕರುಳು ತೊಳೆದಿರಬೇಕು. ನಿನ್ನೆ ಈ ಊರಿಗೆ ಹೊರಡುವ ಮುನ್ನ ಅವನೇ ದೊಡ್ಡ ಜಗ್ಗು ತುಂಬಿಟ್ಟು, ಖಾಲಿಯಾದ ಹಾಗೆಲ್ಲ ಮತ್ತೆ ತುಂಬಿಕೊಳ್ಳಿ ಎಂದು ನಲ್ಲಿ ತೋರಿಸಿ ಬಂದಿದ್ದ.

"ಫಲಿತಾಂಶ ಬಂತಾ ಮೇಡಂ?" ಎಂದು ಕೇಳಿ ಅವನು ಕೂತ. ನಿನ್ನೆ ಬಂದ ಕೂಡಲೇ ಅವನು ಎರಡು ಬಾಟಲಿ ನೀರು ಕೊಟ್ಟಿದ್ದ, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಬಿಳಿ. ಒಳಗೇನಿದೆ ಎಂದು ಹೇಳುವುದಿಲ್ಲ. ಇವರೇ ಪರೀಕ್ಷಿಸಿ ಹೇಳಬೇಕು. ಇದು ಅವನ ಕೆಲಸದಲ್ಲೇ ಅವನಿಗೆ ಅತ್ಯಂತ ರುಚಿಯ ಭಾಗ. ಕೆಂಪು ಮುಚ್ಚಳದ್ದರಲ್ಲಿ ಬೇಕೆಂದೇ ಹೊಲಸಿನ ಕ್ರಿಮಿ ಬೆರೆಸಿರುತ್ತಾನೆ. ಬಿಳಿಯದರಲ್ಲಿ ಶುದ್ಧ ನೀರು. ಶುದ್ಧ ನೀರು ಕಚೇರಿಯ ಉಗ್ರಾಣದಿಂದ ಸೀಲು ಹಾಕಿ ಬರಬೇಕು, ಈ ಸಲ ಬಂದಿರಲಿಲ್ಲ. ಉಗ್ರಾಣದವನು ಮುಂದಿನ ವಾರ ಎಂದ. ಅದಕ್ಕೇನಂತೆ ಎಂದುಕೊಂಡು ಅವನು ಬೆಳಗಿನ ಜಾವ ತನ್ನ ಅಡುಗೆಮನೆಯಲ್ಲೇ ಬಾಟಲಿ ತುಂಬಿಸಿದ್ದ. ತಾನೇ ಆರಿಸಿ ತಂದು, ತಾನೇ ಗೋಡೆಗೆ ತೂತು ಕೊರೆದು ಕೂರಿಸಿದ ಫಿಲ್ಟರು; ಅದಕ್ಕಿಂತ ಶುದ್ಧವಾದದ್ದನ್ನು ಯಾವ ಉಗ್ರಾಣ ಕೊಟ್ಟೀತು? ಬಾಟಲಿ ತುಂಬುವಾಗ, ಸರ್ಕಾರದ ದುಡ್ಡು ಉಳಿಸಿದೆನೆಂಬ ಸಣ್ಣ ಪುಳಕವೂ ಆಗಿತ್ತು.

"ಕೆಂಪು ಮುಚ್ಚಳದ್ದರಲ್ಲಿ ಪತ್ತೆಯಾಗಿದೆ ಸರ್," ಎಂದಳು ಮುಖ್ಯಸ್ಥೆ.

"ಹ್ಞೂಂ."

"ಬಿಳಿದರಲ್ಲೂ ಪತ್ತೆಯಾಗಿದೆ."

ಅವನಿಗೆ ಮೊದಲು ಆದದ್ದು ಸಂತೋಷ. ಇದನ್ನು ಆಮೇಲೆ ಎಷ್ಟು ಸಲ ಅಲ್ಲಗಳೆಯಲು ನೋಡಿದರೂ ಅದು ಸಂತೋಷವೇ ಆಗಿತ್ತು, ಬಲೆಗೆ ಮೀನು ಬಿದ್ದಾಗ ಹಗ್ಗ ಹಿಡಿದ ಕೈಗೆ ಗೊತ್ತಾಗುವಂಥದ್ದು. ಶುದ್ಧ ನೀರಿನಲ್ಲಿ ಹೊಲಸು ಕಂಡಿದ್ದಾರೆ! ಹೋದ ವರ್ಷ ಏನೂ ಕಾಣದವರಿಗೆ ಈ ವರ್ಷ ಎಲ್ಲೆಲ್ಲೂ ಕಾಣುತ್ತಿದೆ. ವರದಿಯ ಭಾಷೆ ತಾನಾಗಿಯೇ ಹರಿಯತೊಡಗಿತು: 'ಗಂಭೀರ ದೋಷ.' ಆದರೆ ಆತುರಪಡಲಿಲ್ಲ. ಬಾಟಲಿಯಿಂದ ಒಂದು ಗುಟುಕು ಕುಡಿದು, ಮೃದುವಾಗಿ, "ಬಿಳಿದು ಇನ್ನೊಂದ್ಸಲ ಹೇಳಿ" ಎಂದ. ಮೃದುವಾಗಿ ಮಾತಾಡುವುದು ಅವನ ಹಳೆಯ ಪಟ್ಟು. ದನಿ ತಗ್ಗಿಸಿದಷ್ಟೂ ಎದುರಿನವರ ಗಂಟಲು ಒಣಗುತ್ತದೆ. ಅವಳು ಇನ್ನೊಮ್ಮೆ ಹೇಳಿದಳು. ದಪ್ಪ ಕನ್ನಡಕದ ಟೆಕ್ನೀಷಿಯನ್ ತಟ್ಟೆಗಳನ್ನು ತಂದು ಮೇಜಿನ ಮೇಲೆ ಇಟ್ಟ. ಅಂಗೈಯಷ್ಟಗಲದ ಗಾಜಿನ ತಟ್ಟೆಗಳು. ಬಿಳಿ ಮುಚ್ಚಳದ ನೀರು ಹಾಕಿದ್ದರಲ್ಲಿ, ಬೆಚ್ಚನೆಯ ಪೆಟ್ಟಿಗೆಯೊಳಗೆ ರಾತ್ರಿಯಿಡೀ ಕೂತು ಬೆಳೆದ ನೀಲಿ ಚುಕ್ಕೆಗಳು ಅಲ್ಲಲ್ಲಿ ಅರಳಿದ್ದವು. ನೀಲಿ ಎಂದರೆ ನೀರು ಎಲ್ಲೋ ಚರಂಡಿಯನ್ನು ಮುಟ್ಟಿ ಬಂದಿದೆ ಎಂದೇ ಅರ್ಥ. ನೋಡಲು ಚೆನ್ನಾಗಿದ್ದವು ಎಂದು ಬೇರೆ ಅವನಿಗೆ ಅನ್ನಿಸಿತು.

ಸರಿ, ಇವರ ತಪ್ಪು ಎಲ್ಲಿದೆ ನೋಡಿಬಿಡೋಣ ಎಂದು ಅವನು ಎದ್ದ. ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದ. ಹೋಲಿಕೆಗೆಂದು ಕುದಿಸಿ ಆರಿಸಿದ ನೀರು ಹಾಕಿದ ತಟ್ಟೆ ಎಲ್ಲಿ? ಇದ್ದೇ ಇತ್ತು, ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಬಿಳಿ ಮುಚ್ಚಳದ್ದನ್ನು ಒಂದೇ ತಟ್ಟೆಗೆ ಹಾಕಿದ್ದೀರೋ? ಇಲ್ಲ, ಜೋಡಿ ತಟ್ಟೆಗೆ; ಎರಡರಲ್ಲೂ ಚುಕ್ಕೆ. ಹಾಕಿದವರು ಯಾರು? ಒಂದನ್ನು ಟೆಕ್ನೀಷಿಯನ್, ಇನ್ನೊಂದನ್ನು ಮುಖ್ಯಸ್ಥೆ. ಮೊದಲು ಕೆಂಪನ್ನು ಮುಟ್ಟಿ ಆಮೇಲೆ ಬಿಳಿಯನ್ನು ಮುಟ್ಟಿರಬೇಕಲ್ಲವೇ? ಅಲ್ಲ, ಬಿಳಿಯೇ ಮೊದಲು. ಹಾಗೆ ಮಾಡಬೇಕೆಂದು ತರಬೇತಿಯಲ್ಲಿ ತಾವೇ ಹೇಳಿಕೊಟ್ಟಿದ್ದಿರಿ ಸರ್. ಪ್ರತಿ ಉತ್ತರಕ್ಕೂ ಅವನು "ಒಳ್ಳೆಯದು" ಎನ್ನುತ್ತಿದ್ದ, ಪ್ರತಿ ಒಳ್ಳೆಯದಕ್ಕೂ ಅವನ ಎದೆ ಒಂದಿಷ್ಟು ಕುಸಿಯುತ್ತಿತ್ತು. ಹೋದ ವರ್ಷ ಇವರು ಹೀಗೆ ಮಾಡಿದ್ದರೆ ತಬ್ಬಿಕೊಂಡು ಕುಣಿಯುತ್ತಿದ್ದನೇನೋ. ಈಗ ಅವನಿಗೆ ಬೇಕಾದದ್ದು ಒಂದೇ ಒಂದು ಪೆದ್ದುತನ, ಒಂದು ತೊಳೆಯದ ಕೈ, ಒಂದು ಆಕಳಿಕೆ. ಇಷ್ಟು ಚೆನ್ನಾಗಿ ಯಾಕೆ ಕಲಿಸಿದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಕೊನೆಗೆ ಸಿಕ್ಕಿತು. ಮೂಲೆಯ ತೊಟ್ಟಿಯ ನಲ್ಲಿಯ ಬಾಯಿಗೆ ರಬ್ಬರಿನ ಒಂದು ತುಂಡು ಕೊಳವೆ ಸಿಕ್ಕಿಸಿದ್ದರು. ಅವನ ಕಣ್ಣು ಮಿಂಚಿತು. "ಇದೇನಿದು?" ಎಂದ.

"ಅದು ಪಾತ್ರೆ ತೊಳೆಯೋ ನಲ್ಲಿ ಸರ್," ಎಂದ ಟೆಕ್ನೀಷಿಯನ್. "ನೀರು ಚಿಮ್ಮದೇ ಇರ್ಲಿ ಅಂತ. ಪರೀಕ್ಷೆಗೆ ಅದರ ನೀರು ಬಳಸೋದೇ ಇಲ್ಲ."

"ಬಳಸ್ತೀರೋ ಬಿಡ್ತೀರೋ, ಅದು ಆಮೇಲಿನ ಮಾತು. ಕೊಳವೆ ಯಾಕಿರಬಾರದು ಹೇಳಿ? ಒಳಗೆ ಯಾವಾಗಲೂ ಪಸೆ ಇರುತ್ತೆ, ಜಾರು ಕಟ್ಟುತ್ತೆ, ಅದರೊಳಗೆ ಕ್ರಿಮಿಗಳು ಮನೆ ಮಾಡ್ಕೊಂಡು ಸಂಸಾರ ಹೂಡ್ತವೆ. ತುದಿ ತೊಟ್ಟಿಗೆ ಇಳಿಬಿದ್ದಿದ್ರಂತೂ ಮುಗೀತು. ಮೋರಿ ಕಟ್ಟಿಕೊಂಡು ಗಲೀಜು ನೀರು ನಿಂತಾಗ ಅದರಲ್ಲೇ ಮುಳುಗಿರುತ್ತೆ. ಮೇಲೆ ಎಂಥಾ ಫಿಲ್ಟರ್ ಇದ್ದು ಏನು ಪ್ರಯೋಜನ, ಫಿಲ್ಟರಿಂದ ಬಂದ ನೀರು ಕೊನೆಗೆ ಆ ಕೊಳವೆ ಒಳಗಿಂದಾನೇ..."

ಮೂಲೆಯ ತೊಟ್ಟಿ ಇದ್ದಲ್ಲೇ ಇದ್ದರೂ ಅವನಿಗೆ ಕಂಡದ್ದು ತನ್ನ ಅಡುಗೆಮನೆಯದು. "ಊರೆಲ್ಲ ಸುತ್ತಿ ಬೇರೆಯವರ ನಲ್ಲಿ ನೋಡ್ತೀರಿ, ಮನೆ ನಲ್ಲಿ ಮೈಮೇಲೆಲ್ಲ ಚಿಮ್ಮೋದನ್ನ ಮಾತ್ರ ಕೇಳೋರಿಲ್ಲ" ಎಂದು ಹೆಂಡತಿ ಗೊಣಗಿದ ದಿನ, ಕಚೇರಿಯಿಂದ ಬಂದ ಒಂದು ತುಂಡು ರಬ್ಬರ್ ಕೊಳವೆಯನ್ನು ಫಿಲ್ಟರಿನ ನಲ್ಲಿಗೆ ಸಿಕ್ಕಿಸಿ, ಅವನು ಎಲ್ಲರನ್ನೂ ಕರೆದು ತೋರಿಸಿದ್ದ. ಬಿಟ್ಟು ತೋರಿಸಿದ, ನಿಲ್ಲಿಸಿ ತೋರಿಸಿದ, ಒಂದು ಹನಿ ಚಿಮ್ಮಲಿಲ್ಲ. ಅತ್ತೆ ಚಪ್ಪಾಳೆ ತಟ್ಟಿದ್ದರು. ಕೊಳವೆ ಸ್ವಲ್ಪ ಉದ್ದವಾಯಿತು, ತುದಿ ತೊಟ್ಟಿಗೆ ತಾಗುತ್ತದೆ, ನಾಳೆ ಕತ್ತರಿಸಿದರಾಯಿತು ಎಂದುಕೊಂಡಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ. ನಿನ್ನೆ ಬಾಟಲಿ ತುಂಬುವಾಗಲಾದರೂ ಕೊಳವೆ ತೆಗೆದು, ನಲ್ಲಿಯ ಬಾಯಿಗೆ ಬೆಂಕಿ ತೋರಿಸಿ, ಆಮೇಲೆ ತುಂಬಬೇಕಿತ್ತು. ಅವನು ಬರೆದ ಒಂದೊಂದು ವರದಿಯಲ್ಲೂ ಆ ಸಾಲು ಇದೆ, 'ಕೊಳವೆ ತೆಗೆದೇ ಮಾದರಿ ಪಡೆಯತಕ್ಕದ್ದು.' ಬೆಳಗಿನ ಜಾವ, ಬಸ್ಸಿನ ಅವಸರ, ನಮ್ಮದೇ ಮನೆ ತಾನೇ. ಅವನು ತನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನೋಡಿದ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಅತಿಥಿಗೃಹದ ಪಾಪದ ಅಡುಗೆಯವನ ನೆನಪಾಯಿತು, ಬೆಳಿಗ್ಗೆ ಅವನ ಮೇಲೆ ಕೂಗಾಡಿ ಬಂದಿದ್ದ.

ಅಷ್ಟೇ ಆಗಿದ್ದರೆ ತನ್ನಷ್ಟಕ್ಕೆ ತಾನು ನಕ್ಕು ಮುಗಿಸಬಹುದಿತ್ತು. ಅತ್ತೆಯ ಹೊಟ್ಟೆ ಕೆಟ್ಟದ್ದು ಆ ಕೊಳವೆ ಬಂದ ಮೇಲೆ. "ನೀರು ಯಾಕೋ ಒಂಥರಾ ವಾಸನೆ ಅಳಿಯಂದ್ರೆ" ಎಂದು ಅವರು ಒಮ್ಮೆ, ಒಂದೇ ಒಮ್ಮೆ ಅಂದಿದ್ದರು. "ಅತ್ತೆ, ಊರಿನ ನೀರಿಗೆಲ್ಲ ಮೂಗು ಹಿಡಿಯೋನು ನಾನು. ವಾಸನೆ ನೀರಿಂದಲ್ಲ, ನಿಮ್ಮ ನಾಲಿಗೇದು" ಎಂದು ಅವನು ನಗಿಸಿದ್ದ. ಎಲ್ಲರೂ ನಕ್ಕಿದ್ದರು, ಅತ್ತೆಯೂ. ಆಮೇಲೆ ಅವರು ದಿನಕ್ಕೆ ಹತ್ತಾರು ಸಲ ಬಚ್ಚಲಿಗೆ ಓಡುವಂತಾದಾಗ ಅವನೇ ವೈದ್ಯನಾದ: ಹೊಟ್ಟೆ ತೊಳೆದುಹೋಗಬೇಕು, ನೀರು ಕುಡೀರಿ, ಇನ್ನೊಂದು ಲೋಟ, ನನಗೋಸ್ಕರ ಇನ್ನೊಂದೇ ಲೋಟ. ಅತ್ತೆ ಕಣ್ಣು ಮುಚ್ಚಿ, ಔಷಧ ಕುಡಿಯುವವರ ಹಾಗೆ ಕುಡಿದು, ಖಾಲಿ ಲೋಟ ಬೋರಲು ಹಾಕಿ ತೋರಿಸುತ್ತಿದ್ದರು. ಡಾಕ್ಟರು "ಮನೆಯ ನೀರು ಹೇಗಿದೆ?" ಎಂದಾಗ ಹೆಂಡತಿ "ಇವರು ನೀರಿನ ಲ್ಯಾಬುಗಳನ್ನೇ ಪರೀಕ್ಷೆ ಮಾಡೋರು" ಎಂದು ಹೆಮ್ಮೆಯಿಂದ ಹೇಳಿದ್ದಳು, ಡಾಕ್ಟರು ನಕ್ಕು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಿದ್ದರು. ಒಂದು ದಿನ ಹಾಸಿಗೆ ಕೊಡಹುವಾಗ ಅತ್ತೆಯ ದಿಂಬಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತ್ತು. ಅವನು ಅದನ್ನು ಊಟದ ಹೊತ್ತಿಗೆ ಮೇಜಿನ ನಡುವೆ ಇಟ್ಟು, ಎಲ್ಲರೂ ಕೂತ ಮೇಲೆ, "ಕಾರಣ ಪತ್ತೆಯಾಗಿದೆ" ಎಂದಿದ್ದ. ಅತ್ತೆಯ ಮುಖ ಕೆಂಪೇರಿತ್ತು. "ಹೌದಪ್ಪ, ಹಸಿವಾಗಿ ತಿಂದುಬಿಟ್ಟೆ. ನಂದೇ ತಪ್ಪು" ಎಂದು, ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದ್ದರು. ಅಂದಿನಿಂದ ಬಿಸ್ಕತ್ತು ಮುಟ್ಟಲಿಲ್ಲ. ಮೈ ಇಳಿದು ಸಡಿಲವಾದ ರವಿಕೆಯ ತೋಳುಗಳನ್ನು ತಾವೇ ಕೂತು ಒಳಗೆ ಮಡಚಿ ಹೊಲಿದುಕೊಂಡರು. ತಮ್ಮ ಅಕ್ಕ ಹೋದದ್ದು ಹೊಟ್ಟೆಯ ದೊಡ್ಡ ಕಾಯಿಲೆಯಿಂದ ಎಂಬುದನ್ನು ಅವರು ಅವನೆದುರು ಹೇಳಲಿಲ್ಲ, ಹೆಂಡತಿ ಹೇಳಿದ್ದಳು.

"ಸರ್," ಎಂದಳು ಮುಖ್ಯಸ್ಥೆ. ಅವನು ಮಾತು ನಿಲ್ಲಿಸಿ ತೊಟ್ಟಿಯನ್ನೇ ನೋಡುತ್ತ ನಿಂತದ್ದನ್ನು ಅವಳು ಸಿಟ್ಟೆಂದು ತಿಳಿದಿದ್ದಳು. "ಬಿಳಿ ಮುಚ್ಚಳದ್ದು ಶುದ್ಧ ನೀರಾ ಸರ್?"

"ಶುದ್ಧ ಅಂತಲೇ ಕೊಟ್ಟಿದ್ದು," ಎಂದ. ಅದು ನಿಜವೇ ಆಗಿತ್ತು. ನಿಜವನ್ನು ಹೇಳುತ್ತಲೇ ಸುಳ್ಳು ಹೇಳುವುದು ಇಷ್ಟು ಸಲೀಸೇ ಎಂದು ಅವನಿಗೇ ಆಶ್ಚರ್ಯವಾಯಿತು.

ಅವಳು ಟೆಕ್ನೀಷಿಯನ್ ಕಡೆ ನೋಡಿದಳು, ಅವನು ನೆಲ ನೋಡಿದ. ಆಮೇಲೆ ಅವಳು ತೀರ ತಗ್ಗಿದ ದನಿಯಲ್ಲಿ, "ಹಾಗಾದ್ರೆ ನಮ್ಮದೇ ಕೈ ಎಲ್ಲೋ ತಪ್ಪಿರುತ್ತೆ ಸರ್. ಎಲ್ಲಿ ಅಂತ ನಂಗೆ ಗೊತ್ತಾಗ್ತಿಲ್ಲ, ಆದ್ರೆ ನೀವು ಹೇಳಿದ್ಮೇಲೆ ತಪ್ಪಿರುತ್ತೆ" ಎಂದಳು. "ತಟ್ಟೆ ಕೆಟ್ಟಿತ್ತು ಅಂತ ಹಾಕಿ, ಪತ್ತೆಯಾಗಿಲ್ಲ ಅಂತ ತಿದ್ದಿಬಿಡ್ಲಾ?" ಎಂದು ಪೆನ್ನಿನ ಟೋಪಿ ತೆಗೆದಳು.

ಹ್ಞೂಂ ಎಂದರೆ ಸಾಕಿತ್ತು. ಅಷ್ಟೂ ಬೇಡ, ಸುಮ್ಮನಿದ್ದರೂ ಸಾಕಿತ್ತು. ಪ್ರಯೋಗಾಲಯ ಉಳಿಯುತ್ತದೆ, ತಾನೂ ಉಳಿಯುತ್ತೇನೆ, ಸಂಜೆ ಮನೆಗೆ ಹೋಗಿ ಯಾರಿಗೂ ಕಾಣದಂತೆ ಕೊಳವೆ ಕಿತ್ತು ಬಿಸಾಡಿದರೆ ಜಗತ್ತಿನಲ್ಲಿ ಯಾರಿಗೂ ಏನೂ ಪತ್ತೆಯಾಗುವುದಿಲ್ಲ. ತನ್ನ ಬುದ್ಧಿ ಇಷ್ಟು ಚುರುಕಾಗಿ ಕೆಲಸ ಮಾಡುವುದನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ. ಆದರೆ ಅವಳ ಮುಖದಲ್ಲಿ ಅವನಿಗೆ ಪರಿಚಯವಿದ್ದದ್ದು ಏನೋ ಇತ್ತು. ತಾನು ಕಣ್ಣಾರೆ ಕಂಡ ನೀಲಿ ಚುಕ್ಕೆಗಳನ್ನು, ಇವನು ಹೇಳಿದನೆಂಬ ಒಂದೇ ಕಾರಣಕ್ಕೆ, ಕಾಣಲಿಲ್ಲ ಎನ್ನಲು ಸಿದ್ಧವಾಗಿದ್ದಳು. ಯಾವ ಒತ್ತಾಯವೂ ಇಲ್ಲದೆ, ಕಣ್ಣು ಅರೆ ಮುಚ್ಚಿ, ಲೋಟ ಬರಿದು ಮಾಡಿ ತೋರಿಸುವವರ ಹಾಗೆ. ನನಗೋಸ್ಕರ ಇನ್ನೊಂದೇ ಲೋಟ. ಜನ ತನಗೆ ಹೆದರುವುದನ್ನು ಅವನು ಇಷ್ಟು ವರ್ಷ ಗೌರವವೆಂದು ತಿಳಿದಿದ್ದ. ನಂಬಿಕೆಯೂ ಅದರೊಳಗೆ ಇತ್ತೆಂಬುದು ಈಗ ಹೊಳೆಯಿತು, ಹೊಳೆದು ನಾಚಿಕೆಯಿಂದ ಮೈ ಬಿಸಿಯಾಯಿತು.

"ತಿದ್ದಬೇಡಿ," ಎಂದ. ದನಿ ಗಟ್ಟಿಯಾಗಿಯೇ ಹೊರಟಿತು, ಅವಳು ಬೆಚ್ಚಿದಳು. "ನಿಮ್ಮದು ಸರಿಯಾಗೇ ಇದೆ. ಅದು ನನ್ನ ಮನೆ ನೀರು."

"ಸರ್?"

"ನಮ್ಮನೆ ಅಡುಗೆಮನೆ ನೀರು. ಫಿಲ್ಟರಿಗೆ ನಾನೇ ಒಂದು ಕೊಳವೆ ಸಿಕ್ಕಿಸಿದ್ದೀನಿ. ಇಂಥದ್ದೇ," ಎಂದು ಮೂಲೆ ತೋರಿಸಿದ. "ಇದಕ್ಕಿಂತ ಉದ್ದ."

ಟೆಕ್ನೀಷಿಯನ್ ಅವನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದ, ಆಮೇಲೆ ಪಡಸಾಲೆಯ ತುದಿಯ ಚಿಲಕವಿಲ್ಲದ ಬಾಗಿಲಿನ ಕಡೆ ನೋಡಿದ, ಎರಡನ್ನೂ ಮನಸ್ಸಿನಲ್ಲೇ ಕೂಡಿಸಿ, ನಗು ತಡೆಯಲು ಕನ್ನಡಕ ತೆಗೆದು ಒರೆಸತೊಡಗಿದ. ತಪ್ಪು ಹುಡುಕಲು ಬಂದವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ನೆಲ ಬಾಯಿಬಿಡಲಿಲ್ಲ, ಪ್ರಯೋಗಾಲಯದ ನೆಲ ಗಟ್ಟಿಮುಟ್ಟಾಗಿತ್ತು, ಅದರ ಬಗ್ಗೆ ಹೋದ ವರ್ಷವೇ ಒಳ್ಳೆಯ ಮಾತು ಬರೆದಿದ್ದ. ಇನ್ನು ಈ ಸುದ್ದಿ ಊರಿಂದೂರಿಗೆ ಹೋಗುತ್ತದೆ, ಎಲ್ಲ ಪ್ರಯೋಗಾಲಯಗಳ ಮೆಟ್ಟಿಲ ಮೇಲೂ ನಗು ಕೇಳುತ್ತದೆ, ಬೂಟಿನ ಲೇಸು ಸವೆದು ಹೋಗುತ್ತದೆ. ಮುಖ್ಯಸ್ಥೆ ಮಾತ್ರ ನಗಲಿಲ್ಲ. "ಮನೇಲಿ ಯಾರಾದ್ರೂ ಈಗ ಆ ನೀರು ಕುಡೀತಿದ್ದಾರಾ ಸರ್?" ಎಂದು ಕೇಳಿದಳು, ಮೇಜಿನ ಮೇಲಿನ ಫೋನನ್ನು ಅವನ ಕಡೆಗೆ ಸರಿಸುತ್ತ.

ಅವನು ಕುರ್ಚಿಯ ಅಂಚಿನಲ್ಲಿ ಕೂತು ಮನೆಗೆ ಫೋನು ಮಾಡಿದ. ಈ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೋಗಿರುತ್ತಾಳೆ. ಅವಳು ಇದ್ದಿದ್ದರೆ ಚೆನ್ನಾಗಿತ್ತು, ಅವಳ ಕಡೆಯಿಂದ ಹೇಳಿಸಬಹುದಿತ್ತು ಎಂಬ ಯೋಚನೆಯೂ ಬಂತು. ಅದನ್ನು ಕಂಡು ಅವನಿಗೆ ಹೇಸಿಗೆಯಾಗುವಷ್ಟರಲ್ಲಿ ಆ ಕಡೆ ಯಾರೋ ಎತ್ತಿದರು.

"ಹಲೋ, ಯಾರು ಬೇಕಾಗಿತ್ತು?"

"ಅತ್ತೆ, ನಾನು."

"ಹೇಳಿ ಅಳಿಯಂದ್ರೆ. ಎರಡನೇ ಜಗ್ಗು ನಡೀತಿದೆ. ತಳದಲ್ಲಿ ಸ್ವಲ್ಪ ಉಳಿದಿದೆ, ಅದನ್ನೂ ಮುಗಿಸಿಬಿಡ್ತೀನಿ. ನೀವೇನೂ ಯೋಚನೆ ಮಾಡ್ಬೇಡಿ."

"ಕುಡೀಬೇಡಿ."

"ಏನಂದ್ರಿ?"

"ಆ ನೀರು ಕುಡೀಬೇಡಿ ಅತ್ತೆ. ಕೆಟ್ಟಿದೆ. ನಾನೇ ಕೆಡಿಸಿದ್ದು, ಆ ಕೊಳವೆ ಸಿಕ್ಕಿಸಿ. ಇಷ್ಟು ದಿನ ನಿಮ್ಮ ಹೊಟ್ಟೆ ಹಾಳು ಮಾಡಿದ್ದೂ ಅದೇ ಇರಬೇಕು. ನೀವು ವಾಸನೆ ಅಂದ್ರಿ. ನಾನು ಕೇಳಲಿಲ್ಲ."

ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ಜಗ್ಗನ್ನು ದೂರ ಸರಿಸಿದ ಸದ್ದು.

"ಹಾಗಾದ್ರೆ ಬಿಸ್ಕತ್ತಿಂದ ಅಲ್ಲ," ಎಂದರು.

"ಅಲ್ಲ."

"ಅಕ್ಕಂಗೆ ಬಂದ ಹಾಗೂ ಅಲ್ವಾ?"

"ಅದು ನನಗೆ ಗೊತ್ತಿಲ್ಲ ಅತ್ತೆ. ಈಗಲೇ ಡಾಕ್ಟರಿಗೆ ಫೋನ್ ಮಾಡ್ತೀನಿ, ನೀರಿನ ವಿಷಯ ಹೇಳ್ತೀನಿ. ಅವರು ಹೇಳಿದ ಹಾಗೆ ಮಾಡೋಣ."

"ಮಾಡಿ." ಅವರ ಉಸಿರು ಕೇಳಿಸುತ್ತಿತ್ತು, ಮೂಗು ಕಟ್ಟಿದಂತಿತ್ತು. "ನಾನು ನನ್ನ ಹೊಟ್ಟೇನೇ ಕೆಟ್ಟದ್ದು ಅಂದ್ಕೊಂಡಿದ್ದೆ. ಮಗಳ ಮನೆಗೆ ಬಂದು ಹೀಗೆ ಮಾಡ್ಕೊಂಡ್ನಲ್ಲ ಅಂತ ದಿನಾ ನಾಚಿಕೆ ಆಗ್ತಿತ್ತು. ಹಾಗಾದ್ರೆ ನಂದೇನೂ ತಪ್ಪಿಲ್ವಾ?"

ಅವನು ಬಾಯಿ ತೆರೆದ. ಇಷ್ಟು ವರ್ಷ ಉಜ್ಜಿ ಉಜ್ಜಿ ನಯವಾದ ಆ ಪದ ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತು. "ಪತ್ತೆ..." ಎಂದ.

"ಅದು ಬೇಡ," ಎಂದರು ಅತ್ತೆ, ಎಕ್ಸ್‌ಚೇಂಜಿನ ದನಿಯಲ್ಲಿ. "ಇದೆಯೋ ಇಲ್ವೋ, ಅಷ್ಟು ಹೇಳಿ. ನಾನು ಲೈನಲ್ಲೇ ಇದ್ದೀನಿ."

"ಇಲ್ಲ," ಎಂದ ಅವನು. ಎದುರಿಗೆ ಕೂತಿದ್ದ ಮುಖ್ಯಸ್ಥೆ ತಲೆಯೆತ್ತಿ ನೋಡಿದಳು. ಅತ್ತೆಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅವನು ಫೋನನ್ನು ಬಾಯಿಗೆ ಒತ್ತಿ ಹಿಡಿದು, ಇನ್ನೊಮ್ಮೆ, ಇಡೀ ಕೋಣೆಗೆ ಕೇಳುವಂತೆ ಹೇಳಿದ. "ಇಲ್ಲ ಅತ್ತೆ. ಇಲ್ಲ."